ಕೆಡವುವ ಮೊದಲು ಒಮ್ಮೆ ಅಳತೆ ಹಿಡಿಯಿರಿ

ಸಂಪಗಾಂವ ನಾಡಿನ ಹಳೇ ಮನೆಗಳ ವಾರಸುದಾರರಿಗೆ ಬಹಿರಂಗ ಪತ್ರ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಓಣಿಗಳಲ್ಲಿ ಹುಟ್ಟಿ ಈಗ ಬೆಳಗಾವಿ, ಹುಬ್ಬಳ್ಳಿ, ಪುಣೆ, ಬೆಂಗಳೂರುಗಳಲ್ಲಿ ನೆಲೆಸಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಊರಲ್ಲೇ ಉಳಿದು ಆ ಮನೆಗಳ ಕೀಲಿ ಕಾಯುತ್ತಿರುವ ಹಿರಿಯರೇ,



ಯುಗಾದಿ ಮುಗಿದು ಕಾರಹುಣ್ಣಿಮೆ ಬರುವುದರೊಳಗೆ ನಮ್ಮ ಊರುಗಳಲ್ಲಿ ಹಳೇ ಮನೆ ಕೆಡವುವ ಕೆಲಸ ಜೋರಾಗಿ ನಡೆಯುತ್ತದೆ. ಮಕ್ಕಳಿಗೆ ಸೂಟಿ. ನೀವೆಲ್ಲ ಊರಿಗೆ ಬಂದಿರುತ್ತೀರಿ. ಪಾಲಿನ ಮಾತಾಗುತ್ತದೆ, ಸಹಿಯಾಗುತ್ತದೆ, ಮಳೆ ಹಿಡಿಯುವ ಮೊದಲು ಪಾಯ ತೆಗೆಯಬೇಕೆಂಬ ಅವಸರ ಎಲ್ಲರಿಗೂ. ಜೆಸಿಬಿ ಬಂತೆಂದರೆ ಎಂಟಂಕಣದ ಮನೆ ಮಧ್ಯಾಹ್ನದ ಊಟದ ಹೊತ್ತಿಗೆ ಮಣ್ಣಿನ ಗುಡ್ಡೆ. ತೊಲೆ, ಜಂತಿ, ಬಾಗಿಲ ಚೌಕಟ್ಟುಗಳನ್ನು ಹಳೇ ಕಟ್ಟಿಗೆಯ ವ್ಯಾಪಾರಿ ಸಂಜೆಯೊಳಗೆ ಟ್ರ್ಯಾಕ್ಟರಿಗೆ ಹೇರಿಕೊಂಡು ಹೋಗಿರುತ್ತಾನೆ.

ಕೆಡವಲೇಬೇಡಿ ಎಂದು ನಾನು ಹೇಳಲಾರೆ. ಮನೆ ನಿಮ್ಮದು, ಸೋರುವ ಮಾಳಿಗೆಯ ಕೆಳಗೆ ಮಲಗಿದವರೂ ನೀವೇ. ನನ್ನ ಕೋರಿಕೆ ಎರಡೇ. ಕೆಡವುವ ಮೊದಲು ಮನೆಯ ಅಳತೆ ಹಿಡಿದು ನಕ್ಷೆ ಬರೆದಿಡಿ. ಓಣಿಗೆ ಒಂದು ಮನೆಯನ್ನಾದರೂ ಉಳಿಸಿಕೊಳ್ಳಿ. ನಾನು ಬೈಲಹೊಂಗಲದ ಓಣಿಯಲ್ಲೇ ಬೆಳೆದು, ಇದೇ ಸುತ್ತಿನ ಶಾಲೆಗಳಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಮಕ್ಕಳಿಗೆ ಇಷ್ಟು ವರ್ಷ ಏನು ಕಲಿಸಿದೆ, ಏನು ಕಲಿಸಲಿಲ್ಲ ಎಂದು ಯೋಚಿಸುವಾಗ ಈ ಮನೆಗಳೇ ಕಣ್ಣ ಮುಂದೆ ಬರುತ್ತವೆ.

ನಮ್ಮ ನಾಡಿನ ಚರಿತ್ರೆ ಎಂದರೆ ಎಲ್ಲರಿಗೂ ನೆನಪಾಗುವುದು ಕೋಟೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಗುಂಡೇಟಿಗೆ ಬಿದ್ದದ್ದು, ಡಿಸೆಂಬರಿನಲ್ಲಿ ಕೋಟೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ್ದು, ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಗಿದ್ದು 1829ರ ಫೆಬ್ರುವರಿಯಲ್ಲಿ ತೀರಿಕೊಂಡದ್ದು, 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು ನಮ್ಮ ಕಡೆಯ ಮಕ್ಕಳಿಗೆ ಬಾಯಿಪಾಠ. ಅದು ಹಾಗೇ ಇರಬೇಕು. ಆದರೆ ರಾಯಣ್ಣನ ಜೊತೆ ಹೋದವರು, ಥ್ಯಾಕರೆಗೆ ಗುರಿಯಿಟ್ಟ ಅಮಟೂರು ಬಾಳಪ್ಪನಂಥವರು ಎಂಥ ಮನೆಯಲ್ಲಿ ಹುಟ್ಟಿದರು, ಅವರ ತಾಯಂದಿರು ಎಲ್ಲಿ ಕೂತು ಜೋಳ ಬೀಸಿದರು, ಬಂಡಾಯದ ಸುದ್ದಿ ಯಾವ ಕಟ್ಟೆಯ ಮೇಲೆ ಬಾಯಿಮಾತಾಗಿ ದಾಟಿತು ಎಂಬುದನ್ನು ಕೋಟೆ ಹೇಳುವುದಿಲ್ಲ. ಅದನ್ನು ಹೇಳಬಲ್ಲವು ಓಣಿಗಳು.

ಕಿತ್ತೂರಿನ ಅರಮನೆಯನ್ನೇ ನೋಡಿ. ದೇಸಾಯಿ ಮನೆತನದ ಮೊದಲ ಠಾಣೆ ಇದೇ ಸಂಪಗಾಂವ. 17ನೆಯ ಶತಮಾನದಲ್ಲಿ ಅಲ್ಲಪ್ಪಗೌಡ ಸರದೇಸಾಯಿ ಕಿತ್ತೂರಿಗೆ ಹೋಗಿ ಕೋಟೆ, ಅರಮನೆ ಕಟ್ಟಿಸಿದ. ಇವತ್ತು ಅಲ್ಲಿ ಮಾಳಿಗೆಯಿಲ್ಲದ ದಪ್ಪ ಗೋಡೆಗಳಿವೆ, ಅಡುಗೆಮನೆಯ, ಬಚ್ಚಲಿನ ಗುರುತುಗಳಿವೆ, ಧ್ರುವ ನಕ್ಷತ್ರ ನೋಡುವ ಕಿಂಡಿ ಇದೆ. ತೇಗದ ಕಂಬ, ತೊಲೆ, ಬಾಗಿಲುಗಳೆಲ್ಲ ಹೋದವು. ಕಂಪನಿಯವರು ಮಾರಿದರು ಎಂದೇ ಹಿರಿಯರು ಹೇಳುತ್ತ ಬಂದಿದ್ದಾರೆ. 2024ರ ಅಕ್ಟೋಬರಿನಲ್ಲಿ ಕಿತ್ತೂರು ವಿಜಯದ ಇನ್ನೂರನೆಯ ವರ್ಷವನ್ನು ಸಂಭ್ರಮದಿಂದ ಆಚರಿಸಿದೆವು. ಅರಮನೆಯ ಪ್ರತಿರೂಪ ಕಟ್ಟುವ ಯೋಜನೆಯ ಮಾತೂ ಸರ್ಕಾರದ ಮಟ್ಟದಲ್ಲಿ ನಡೆಯಿತು. ಪ್ರತಿರೂಪ ಕಟ್ಟಬೇಕಾದವರು ಉಳಿದ ಗೋಡೆಯ ಬುಡ ನೋಡಿ ಮೇಲಿನದನ್ನು ಊಹಿಸಬೇಕು. ಆ ಊಹೆಗೆ ಆಧಾರ ಎಲ್ಲಿದೆ ಎಂದು ಕೇಳಿದರೆ, ನಿಮ್ಮ ಮನೆಗಳಲ್ಲಿದೆ ಎಂದು ನಾನು ಹೇಳುತ್ತೇನೆ. ಅರಮನೆಗೆ ಕಂಬ ಕೆತ್ತಿದ ಬಡಿಗೇರರ ಕೈಚಳಕವೇ ಸುತ್ತಲಿನ ವಾಡೆಗಳಲ್ಲಿ, ಅನುಕೂಲಸ್ಥರ ಮನೆಗಳಲ್ಲಿ ಮುಂದುವರಿಯಿತು. ಆ ಮನೆಗಳೂ ಹೋದರೆ ಕಿತ್ತೂರಿನ ಕಂಬದ ಬೋದಿಗೆ ಹೇಗಿತ್ತು ಎಂದು ಕೇಳಲು ಯಾರ ಮನೆಗೆ ಹೋಗಬೇಕು?

ಕಳೆದ ಬೇಸಿಗೆಯಲ್ಲಿ, ಕೆಡವಲು ದಿನ ಗೊತ್ತಾಗಿದ್ದ ಒಂದು ಮನೆಯನ್ನು ಒಬ್ಬ ಹಿರಿಯ ಗೌಂಡಿಯ ಜೊತೆ ಟೇಪು ಹಿಡಿದು ಅಳೆದೆ. ನಿಮ್ಮೆಲ್ಲರ ಮನೆಗಳೂ ಹೆಚ್ಚು ಕಡಿಮೆ ಹಾಗೇ ಇರುವುದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಬೀದಿಗೆ ಮುಖ ಮಾಡಿ ಎರಡು ಕಡೆ ಕಟ್ಟೆ, ನಡುವೆ ತಲಬಾಗಿಲು. ಬಾಗಿಲ ಚೌಕಟ್ಟು ಎಷ್ಟು ತಗ್ಗೆಂದರೆ ಎಂಥವರೂ ತಲೆ ಬಾಗಿಸಿಯೇ ಒಳಗೆ ಬರಬೇಕು. ಒಳಗೆ ಅಗಳಿ: ರಾತ್ರಿ ಎಳೆದು ಬಾಗಿಲಿಗೆ ಅಡ್ಡ ಹಾಕುವ, ಹಗಲು ಗೋಡೆಯೊಳಗೇ ಸರಿಸಿಡುವ ಉದ್ದನೆಯ ಕಟ್ಟಿಗೆ. ಅದು ಪೂರ್ತಿ ಹಿಡಿಸುವಷ್ಟು ಗೋಡೆಯಲ್ಲಿ ಪೊಳ್ಳು ಬಿಟ್ಟಿದ್ದಾರೆ. ಎಂದರೆ ಗೋಡೆ ಏರಿಸುವಾಗಲೇ ಗೌಂಡಿಯೂ ಬಡಿಗೇರನೂ ಮಾತಾಡಿಕೊಂಡು ಕೆಲಸ ಮಾಡಿದ್ದಾರೆ. ಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನ ಕಟ್ಟುವ ಜಾಗ, ಗ್ವಾದಲಿ. ಅದರ ಮುಂದೆ ಮೊಳದಷ್ಟು ಎತ್ತರಕ್ಕೆ ಪಡಸಾಲೆ. ಹೊರಗಿನವರು ಇದನ್ನು ನೋಡಿ ದನದ ಜೊತೆ ಜನ ಹೇಗಿದ್ದರೋ ಎನ್ನುತ್ತಾರೆ. ಒಕ್ಕಲುತನದ ಮನೆಗೆ ಎತ್ತುಗಳೇ ಆಸ್ತಿ. ಮಲಗಿದಲ್ಲಿಂದ ಕಣ್ಣು ತೆರೆದರೆ ಎತ್ತು ಕಾಣಬೇಕು, ರಾತ್ರಿ ಅದರ ಕೊರಳ ಗಂಟೆಯ ಸಪ್ಪಳ ನಿಂತರೆ ಯಜಮಾನನಿಗೆ ಎಚ್ಚರವಾಗಬೇಕು. ಆ ಮೊಳದ ಎತ್ತರದಿಂದಾಗಿ ಸಗಣಿ-ಗಂಜಲ ಕೆಳಗೇ ಉಳಿಯುತ್ತದೆ, ಜನ ಮೇಲೆ ಉಳಿಯುತ್ತಾರೆ.

ಪಡಸಾಲೆಯಲ್ಲಿ ನಾಲ್ಕು ಕಂಬ, ಒಂದೊಂದರ ಕೆಳಗೆ ಅಡಿಗಲ್ಲು, ಮೇಲೆ ಬೋದಿಗೆ. ಬೋದಿಗೆಗಳ ಕೆತ್ತನೆ ಒಂದೇ ಬಗೆಯದಲ್ಲ: ಒಂದರಲ್ಲಿ ಗಿಳಿ, ಒಂದರಲ್ಲಿ ಬಾಳೆಯ ಮೊಗ್ಗು, ಉಳಿದವುಗಳಲ್ಲಿ ಬರೀ ಸುರುಳಿ. ಒಳಗಿನ ಭಾರವೆಲ್ಲ ಈ ಕಂಬ-ತೊಲೆಗಳದು. ಮನೆ ಎಷ್ಟು ದೊಡ್ಡದು ಎಂದು ನಮ್ಮ ಹಿರಿಯರು ಅಡಿಯ ಲೆಕ್ಕದಲ್ಲಿ ಹೇಳುತ್ತಿರಲಿಲ್ಲ. ಕಂಬದಿಂದ ಕಂಬಕ್ಕೆ ಒಂದಂಕಣ. ಆರಂಕಣದ ಮನೆ, ಎಂಟಂಕಣದ ಮನೆ. ಪಾಲಾದಾಗಲೂ ಅಂಕಣವೇ ಅಳತೆ: ಅಣ್ಣನಿಗೆ ನಾಲ್ಕು, ತಮ್ಮನಿಗೆ ನಾಲ್ಕು, ನಡುವೆ ಒಂದು ಗೋಡೆ. ಮನೆಯನ್ನು ಮುರಿಯದೆ ಹಂಚಿಕೊಳ್ಳುವ ಅನುಕೂಲ ಕಟ್ಟುವಾಗಲೇ ಅದರಲ್ಲಿತ್ತು.

ಹಿಂದಿನ ಕಂಬವೊಂದರಲ್ಲಿ ಸೊಂಟದೆತ್ತರಕ್ಕೆ ಬೆರಳು ಹಿಡಿಸುವಷ್ಟು ಆಳದ ಗೆರೆ. ಮಜ್ಜಿಗೆ ಕಡೆಯುವ ಹಗ್ಗ ಸವೆಸಿದ್ದು. ಒಂದು ತಲೆಮಾರಿನ ಹೆಣ್ಣುಮಕ್ಕಳ ಕೈಯಿಂದ ಅಷ್ಟು ಸವೆಯುವುದಿಲ್ಲ. ಅಡುಗೆಮನೆಯ ಬಾಗಿಲ ಪಕ್ಕ ಸುಣ್ಣದ ಗೀರುಗಳು, ಐದೈದರ ಗುಂಪು. ನೆಲದೊಳಗಿನ ಹಗೇವಿನಿಂದ ತೆಗೆದ ಜೋಳದ ಲೆಕ್ಕ ಅದು ಎಂದು ಮನೆಯ ಅಜ್ಜಿ ಹೇಳಿದರು. ಬರೆಯಲು ಬಾರದ ಅವರ ಅತ್ತೆ ಮನೆಯ ಕಾಳು ಲೆಕ್ಕ ಇಟ್ಟದ್ದು ಹಾಗೆ. ಆ ಗೋಡೆ ಈಗಿಲ್ಲ. ಗೀರುಗಳ ಫೋಟೋ ಇದೆ, ನಕ್ಷೆ ಇದೆ.

ನಡುಮನೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಬೆಳಕಿಂಡಿ ಇತ್ತು, ಮಳೆಗಾಲದಲ್ಲಿ ಮುಚ್ಚುವಂಥದ್ದು. ಹೊತ್ತು ಏರಿದಂತೆ ಬಿಸಿಲಿನ ತುಂಡು ನೆಲದ ಮೇಲೆ ಸರಿಯುತ್ತದೆ. ಅದು ಒಳಕಲ್ಲಿನ ಹತ್ತಿರ ಬಂತೆಂದರೆ ಹೊಲಕ್ಕೆ ಬುತ್ತಿ ಕಟ್ಟುವ ಹೊತ್ತು. ಗೋಡೆಯ ದಪ್ಪ ಎರಡು ಮೊಳಕ್ಕೂ ಹೆಚ್ಚು. ಏಪ್ರಿಲ್ ಮಧ್ಯಾಹ್ನ ಹೊರಗೆ ನಿಲ್ಲಲಾಗದ ಉರಿ ಇದ್ದಾಗ ನಾವು ಫ್ಯಾನಿಲ್ಲದ ಆ ನಡುಮನೆಯಲ್ಲಿ ಕೂತು ಅಳತೆ ಬರೆದುಕೊಂಡೆವು. ಹಗಲಿನ ಬಿಸಿ ಅಷ್ಟು ದಪ್ಪದ ಮಣ್ಣು ದಾಟಿ ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಆ ಹೊತ್ತಿಗೆ ಮನೆಮಂದಿ ಮಾಳಿಗೆಯ ಮೇಲೆ ಹಾಸಿಗೆ ಹಾಕಿರುತ್ತಾರೆ.

ಮಾಳಿಗೆಯ ಮಾತು ಬಂತು. ನಮ್ಮ ನಾಡನ್ನು ಪಡುವಣದಿಂದ ಮೂಡಣಕ್ಕೆ ದಾಟಿದರೆ ಮನೆಯ ತಲೆ ಬದಲಾಗುತ್ತ ಹೋಗುವುದನ್ನು ಕಾಣಬಹುದು. ಕಿತ್ತೂರು, ಎಂ.ಕೆ. ಹುಬ್ಬಳ್ಳಿಯ ಕಡೆ ಮಲೆನಾಡಿನ ಸೆರಗು. ಮಳೆ ಜಾಸ್ತಿ, ಖಾನಾಪುರ-ಹಳಿಯಾಳದ ಕಾಡು ಹತ್ತಿರ. ಅಲ್ಲಿ ಇಳಿಜಾರಿನ ಹಂಚಿನ ಮನೆಗಳು, ತೇಗ-ಮತ್ತಿಯ ಕಟ್ಟಿಗೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು; 1880ರ ದಶಕದಲ್ಲಿ ನಮ್ಮ ಭಾಗಕ್ಕೆ ರೈಲು ಬಂದ ಮೇಲೆ ನಾಡಹಂಚಿನ ಜಾಗಕ್ಕೆ ಮಂಗಳೂರು ಹಂಚು ಏರಿತು. ಬೈಲಹೊಂಗಲ ದಾಟಿ ಯರಿ ಭೂಮಿಗೆ ಇಳಿದರೆ ಮಳೆ ಕಡಿಮೆ, ಕಾಡು ದೂರ; ಮಣ್ಣಿನ ಚಪ್ಪಟೆ ಮಾಳಿಗೆ ಶುರುವಾಗುತ್ತದೆ. ಬಡವರ ಮನೆಗೆ ಹೊಲದ ಬದುವಿನ ಬೇವು, ಜಾಲಿಯೇ ತೊಲೆ. ಸವದತ್ತಿ ಗುಡ್ಡ, ನವಿಲುತೀರ್ಥ, ಅದರಾಚೆ ರಾಮದುರ್ಗ, ತೊರಗಲ್ಲಿನ ಕಡೆ ಹೋದರೆ ಗಟ್ಟಿ ಕಲ್ಲಿನ ಸೀಮೆ. ಗೋಡೆಯಲ್ಲಿ ಕಲ್ಲು ಹೆಚ್ಚು, ಮಣ್ಣು ಕಡಿಮೆ. ಒಂದು ದಿನದ ಬಸ್ಸಿನ ಹಾದಿಯಲ್ಲಿ ಇಷ್ಟು ಬದಲಾವಣೆ ತೋರಿಸುವ ನಾಡು ಕರ್ನಾಟಕದಲ್ಲಿ ಅಪರೂಪ. ಈಗ ಕಿತ್ತೂರಿನಿಂದ ರಾಮದುರ್ಗದವರೆಗೆ ಒಂದೇ ಸ್ಲ್ಯಾಬು, ಒಂದೇ ಶಟರು, ಒಂದೇ ಟೈಲ್ಸು.

ರಾಮದುರ್ಗದವರಿಗೆ, ಸುರೇಬಾನದವರಿಗೆ ಬೇರೆ ಒಂದು ಮಾತಿದೆ. ನಿಮ್ಮ ಊರು ಭಾವೆ ಮನೆತನದ ಸಂಸ್ಥಾನದ ರಾಜಧಾನಿಯಾಗಿ 1948ರವರೆಗೆ ನಡೆಯಿತು. ಅದರ ವಾಡೆ, ದರ್ಬಾರು, 1939ರ ಪ್ರಜಾ ಚಳವಳಿಯ ರಕ್ತಪಾತ ಇವೆಲ್ಲ ಪುಸ್ತಕಗಳಲ್ಲಿ ಬಂದಿವೆ. ನೇಕಾರರ ಮನೆ ಎಲ್ಲೂ ಬಂದಿಲ್ಲ. ಕುಣಿಮಗ್ಗದ ಮನೆಯ ವಿನ್ಯಾಸವನ್ನು ಗೊತ್ತುಮಾಡುವುದು ಮಗ್ಗ. ನೇಯುವವನು ಕಾಲು ಇಳಿಬಿಟ್ಟು ಕೂರುವ ತಗ್ಗು ಎಲ್ಲಿದೆಯೋ ಅಲ್ಲಿಗೆ ಬೆಳಕು ಬೀಳುವಂತೆ ಕಿಂಡಿ. ಹಾಸು ಚಾಚುವಷ್ಟು ಉದ್ದಕ್ಕೆ ಕಂಬ ಬಾರದಂತೆ ತೊಲೆ. ನೂಲು ಒಣಗಿ ಹರಿಯದಂತೆ ಸಗಣಿ ಸಾರಿಸಿದ ತಂಪು ನೆಲ. ಮಲಗುವುದು, ಉಣ್ಣುವುದು ಮಗ್ಗ ಬಿಟ್ಟುಕೊಟ್ಟ ಜಾಗದಲ್ಲಿ. ಪವರ್‌ಲೂಮ್ ಬಂದಾಗ ಆ ಸದ್ದು-ನಡುಕಕ್ಕೆ ಮಣ್ಣಿನ ಮನೆ ತಡೆಯಲಿಲ್ಲ, ಪತ್ರಾಸಿನ ಶೆಡ್ಡುಗಳು ಬಂದವು. ಹಳೇ ಕುಣಿಗಳನ್ನು ಮಣ್ಣು ತುಂಬಿ ಮುಚ್ಚಿದ್ದೀರಿ. ಮುಚ್ಚದೆ ಉಳಿದ ಒಂದಾದರೂ ಕುಣಿ ಇದ್ದರೆ ದಯವಿಟ್ಟು ಹಾಗೇ ಬಿಡಿ.

ಬೈಲಹೊಂಗಲದ ಪ್ಯಾಟಿಯ ಮನೆಗಳು ಮತ್ತೊಂದು ಬಗೆ. ಅವು ಹತ್ತಿಯಿಂದ ಎದ್ದವು. 1861ರಿಂದ 65ರವರೆಗೆ ಅಮೆರಿಕದಲ್ಲಿ ಒಳಜಗಳ ನಡೆದು ಲ್ಯಾಂಕಶೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಾಗ ಧಾರವಾಡ-ಬೆಳಗಾವಿ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಅಂಡಿಗೆಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದವು. ಆ ಮೇಲಿನ ದಶಕಗಳಲ್ಲಿ ಹತ್ತಿಯ ಲಾಭ ಮನೆಯ ಮುಂಭಾಗಕ್ಕೆ ಏರಿತು. ಕೆಳಗೆ ಅಂಗಡಿ, ಹಿಂದೆ ಉಗ್ರಾಣ, ಮೇಲೆ ಬೀದಿಗೆ ಚಾಚಿದ ಕಟ್ಟಿಗೆಯ ಸಜ್ಜೆ, ಅದಕ್ಕೆ ಕಡೆದ ಕಟಾಂಜನ. ಸಂಪಗಾಂವ ತಾಲೂಕು ಎಂಬ ಹೆಸರಿದ್ದ ಕಾಲದಲ್ಲೂ ಕಚೇರಿ ನಡೆದದ್ದು ಬೈಲಹೊಂಗಲದಲ್ಲಿ. ಕಚೇರಿ ಇದ್ದಲ್ಲಿ ವಕೀಲರು, ಸಾವಕಾರರು, ಅವರ ಮಹಡಿ ಮನೆಗಳು. ಸಜ್ಜೆಯ ಮನೆಗಳು ಈಗ ಬೆರಳೆಣಿಕೆಯಷ್ಟು. ರಸ್ತೆ ಅಗಲ ಮಾಡುವಾಗ ಮೊದಲು ಹೋಗುವುದೂ ಅವೇ.

ಓಣಿಗಳನ್ನು ಹೊಗಳುವಾಗ ಒಂದು ಸತ್ಯವನ್ನು ಮುಚ್ಚಿಡಬಾರದು. ನಮ್ಮ ಓಣಿಗಳು ಜಾತಿಯ ಲೆಕ್ಕದಲ್ಲಿ ಎದ್ದವು. ಅಗಸಿಯ ಒಳಗೆ ಯಾರು, ಹೊರಗೆ ಯಾರು ಎಂಬುದು ಊರಿನ ನಕ್ಷೆಯಲ್ಲೇ ಇತ್ತು. ಕೇರಿಯ ಮನೆಗಳಿಗೆ ತೇಗದ ಕಂಬ ಬರಲಿಲ್ಲ, ಕುಡಿಯುವ ನೀರಿನ ಬಾವಿಯೂ ಬರಲಿಲ್ಲ. ದೊಡ್ಡ ಮನೆಗಳ ಒಳಗೂ ಹೊಗೆ ತುಂಬಿದ ಅಡುಗೆಮನೆಯಲ್ಲಿ ಕಣ್ಣು ಕಳೆದುಕೊಂಡ ಅವ್ವಂದಿರಿದ್ದಾರೆ. ಆ ವ್ಯವಸ್ಥೆ ಮರಳಿ ಬರಬೇಕೆಂದು ಯಾರೂ ಬಯಸಬಾರದು. ಅಳತೆ ಹಿಡಿಯುವಾಗ ಕೇರಿಯ ಮನೆಗಳನ್ನೂ ಹಿಡಿಯಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ವಾಡೆಯ ನಕ್ಷೆ ಮಾತ್ರ ಉಳಿದು ಕೇರಿಯದು ಅಳಿದರೆ ನಾಳೆ ಓದುವವರಿಗೆ ಅರ್ಧ ಊರೇ ಕಾಣುತ್ತದೆ.

ನಿಮ್ಮಲ್ಲಿ ಕೆಲವರು ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದಲ್ಲಿದ್ದೀರಿ. ಆ ಬಡಾವಣೆಗಳು ಭರದಿಂದ ಬೆಳೆದದ್ದು ಪ್ಲೇಗಿನಿಂದ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಬೇಕೆಂದು ಮೈಸೂರು ಸರ್ಕಾರ ಅಗಲ ರಸ್ತೆ, ಮನೆಯ ಸುತ್ತ ಗಾಳಿ-ಬೆಳಕಿಗೆ ಜಾಗ, ಹಿಂದೆ ಜಾಡಮಾಲಿ ಓಣಿ ಇರುವ ಹೊಸ ಬಡಾವಣೆಗಳನ್ನು ನಕ್ಷೆ ಹಾಕಿ ಕಟ್ಟಿಸಿತು. ನಕ್ಷೆ ಹೊಸದಾದರೂ ನಿವೇಶನ ಹಂಚುವಾಗ ಜಾತಿಯ ಲೆಕ್ಕ ಅಲ್ಲೂ ಬಿಡಲಿಲ್ಲ. ಅದೇ ವರ್ಷಗಳಲ್ಲಿ ನಮ್ಮ ಕಡೆಯೂ ಪ್ಲೇಗು ಊರೂರು ಸುತ್ತಿತು. ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಹಾಫ್‌ಕಿನ್ನರ ಲಸಿಕೆ ಹಾಕಿಸಿಕೊಂಡರು. ನಮ್ಮ ಹಿರಿಯರು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದು, ಬೇನೆ ಇಳಿದ ಮೇಲೆ ಅದೇ ಓಣಿಗೆ ಮರಳಿದರು, ಅದೇ ಗೋಡೆಗೆ ಸುಣ್ಣ ಬಳಿದರು. ಬೆಂಗಳೂರಿಗೆ ಹೊಸ ಬಡಾವಣೆ ಸಿಕ್ಕಿತು, ನಮಗೆ ಹಳೇ ಓಣಿಯೇ ಉಳಿಯಿತು.

ಬಸವನಗುಡಿಯ ಮುಂಚಾಚಿನ ಮಂಕಿ ಟಾಪ್ ಮನೆಯೊಂದು ಬಿದ್ದರೆ ಅಲ್ಲಿಯ ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಆ ಬಡಾವಣೆಗಳ ಬಗ್ಗೆ ಪುಸ್ತಕಗಳಿವೆ, ಹಳೇ ಮನೆ ತೋರಿಸಿಕೊಂಡು ಬರಲು ಭಾನುವಾರದ ಕಾಲ್ನಡಿಗೆಗಳಿವೆ. ಅಲ್ಲಿಯ ಮನೆಗಳಿಗೆ ನೂರಿಪ್ಪತ್ತು-ನೂರಿಪ್ಪತ್ತೈದು ವರ್ಷ. ನಮ್ಮಲ್ಲಿ ಅದಕ್ಕಿಂತ ಹಳೆಯವು ಸುದ್ದಿಯಿಲ್ಲದೆ ಹೋಗುತ್ತಿವೆ. ಬೆಂಗಳೂರಿನವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರು ತಮ್ಮ ಬಡಾವಣೆಗೆ ತೋರಿಸಿದ ಪ್ರೀತಿಯನ್ನು ನಾವು ನಮ್ಮ ಓಣಿಗೆ ತೋರಿಸಿಲ್ಲ ಎಂಬ ನೋವು ಇದೆ.

ಮಣ್ಣಿನ ಮನೆ ಅಪಾಯ ಎನ್ನುತ್ತೀರಿ. ಆ ಮಾತಿನಲ್ಲಿ ಹುರುಳಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆ ಮತ್ತು ಮಾಳಿಗೆಯ ಭಾರ. ಆ ಭಾರ ಹೇಗೆ ಬಂತು ಎಂಬುದನ್ನೂ ತಿಳಿಯಬೇಕು. ನಮ್ಮ ಮಾಳಿಗೆಗೆ ಜಂತಿಯ ಮೇಲೆ ಹಲಗೆ, ಅದರ ಮೇಲೆ ಬೇವಿನ ಇಲ್ಲವೆ ಲಕ್ಕಿಯ ಸೊಪ್ಪು, ಮೇಲೆ ಕಲಸಿದ ಮಣ್ಣು, ಎಲ್ಲಕ್ಕೂ ಮೇಲೆ ನೀರು ಇಳಿಯಗೊಡದ ಸವಳು. ರೋಹಿಣಿ ಮಳೆ ಬೀಳುವ ಮೊದಲು ಪ್ರತಿ ವರ್ಷ ಹೊಸ ಸವಳು ಹಾಕುವಾಗ ಹಳೆಯದನ್ನು ಕೆರೆದು ತೆಗೆಯಬೇಕು. ಕೆಲಸದ ಆಳು ಸಿಗದಾದಂತೆ ತೆಗೆಯುವುದನ್ನು ಬಿಟ್ಟೆವು, ಹಾಕುವುದನ್ನು ಮಾತ್ರ ಇಟ್ಟುಕೊಂಡೆವು. ಮಾಳಿಗೆ ವರ್ಷದಿಂದ ವರ್ಷಕ್ಕೆ ದಪ್ಪವಾಯಿತು, ತೊಲೆ ಬಾಗಿತು. ಗೋಡೆಯ ಬುಡಕ್ಕೂ ಹಾಗೇ ಆಯಿತು. ಓಣಿಯ ರಸ್ತೆಗೆ ಮೇಲಿಂದ ಮೇಲೆ ಕಾಂಕ್ರೀಟು ಹಾಕಿ ಎತ್ತರಿಸಿದರು. ಒಂದು ಕಾಲಕ್ಕೆ ನಾಲ್ಕು ಮೆಟ್ಟಿಲು ಏರಿ ಹೋಗುತ್ತಿದ್ದ ಮನೆಗೆ ಈಗ ಇಳಿದು ಹೋಗಬೇಕು. ಮಳೆ ನೀರು ಗೋಡೆಯ ಬುಡದಲ್ಲಿ ನಿಲ್ಲುತ್ತದೆ. ಮಣ್ಣಿನ ಗೋಡೆಯ ತಲೆಯೂ ಕಾಲೂ ಒಣಗಿದ್ದರೆ ಅದು ನೂರಾರು ವರ್ಷ ನಿಲ್ಲುತ್ತದೆ. ನಾವು ಎರಡನ್ನೂ ನೆನೆಸಿ, ಬಿದ್ದಾಗ ಮಣ್ಣನ್ನು ಬೈದೆವು.

2019ರ ಆಗಸ್ಟಿನ ನೆರೆ ಇದನ್ನೆಲ್ಲ ಒಂದೇ ವಾರದಲ್ಲಿ ತೋರಿಸಿತು. ಮಲಪ್ರಭೆ ಉಕ್ಕಿ ರಾಮದುರ್ಗ, ಸವದತ್ತಿ ತಾಲೂಕುಗಳ ಹೊಳೆದಂಡೆಯ ಊರುಗಳು ನೀರಿನಲ್ಲಿ ನಿಂತವು, ಸಾಲು ಸಾಲು ಮನೆ ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು, ಅಲ್ಪ ಹಾನಿಯಾದದ್ದಕ್ಕೆ 50 ಸಾವಿರ. ಬೀದಿಗೆ ಬಿದ್ದವರಿಗೆ ಆ ಹಣ ಜೀವ ಉಳಿಸಿತು, ಅದನ್ನು ಯಾರೂ ಅಲ್ಲಗಳೆಯಲಾಗದು. ಆದರೆ ಒಂದು ಗೋಡೆ ಬಿರಿದ, ರಿಪೇರಿ ಮಾಡಿದರೆ ನಿಲ್ಲುತ್ತಿದ್ದ ಮನೆಯ ಯಜಮಾನನ ಮುಂದೆ ಆ ಲೆಕ್ಕ ಇಟ್ಟರೆ ಅವನು ಯಾವುದನ್ನು ಆರಿಸಿಕೊಂಡಾನು? ಹಳೇ ಮನೆಯನ್ನು ಗಟ್ಟಿ ಮಾಡಿಕೊಳ್ಳುವವನಿಗೂ ತಕ್ಕಷ್ಟು ಹಣ ಸಿಗುವಂತಿದ್ದರೆ ಎಷ್ಟೋ ಮನೆ ಉಳಿಯುತ್ತಿದ್ದವು. ಸರ್ಕಾರಿ ಕಾಗದದಲ್ಲಿ ಮಣ್ಣಿನ ಗೋಡೆ ಎಂದರೆ ಕಚ್ಚಾ ಮನೆ. ಆ ಪದವನ್ನು ನಾವೂ ನಂಬಿ, ಮಗಳ ಸಂಬಂಧ ನೋಡಲು ಬಂದವರ ಮುಂದೆ ನಮ್ಮ ಮನೆಗೆ ನಾಚಿಕೊಳ್ಳುವುದನ್ನು ಕಲಿತೆವು.

ಇದಕ್ಕೂ ಹಿಂದೆ, 1970ರ ದಶಕದ ಮೊದಲಲ್ಲಿ ನವಿಲುತೀರ್ಥದ ಅಣೆಕಟ್ಟು ಮುಗಿದು ರೇಣುಕಾಸಾಗರ ತುಂಬಿದಾಗ ಸವದತ್ತಿ ಸೀಮೆಯ ಹಳ್ಳಿಗಳು ಮುಳುಗಿದವು. ಹೊರಟವರು ಕಂಬ, ಬಾಗಿಲು, ಹೊಸ್ತಿಲನ್ನು ಬಿಚ್ಚಿ ಚಕ್ಕಡಿಯಲ್ಲಿ ಒಯ್ದ ಕಥೆಯನ್ನು ಆ ಕಡೆಯ ಹಿರಿಯರು ಇನ್ನೂ ಹೇಳುತ್ತಾರೆ. ಅಂಥ ಹೊಸ್ತಿಲು ಯಾರ ಮನೆಯಲ್ಲಾದರೂ ಇದ್ದರೆ ಅದರ ಮೂಲ ಊರಿನ ಹೆಸರನ್ನು ಇವತ್ತೇ ಬರೆದಿಡಿ. ಊರು ನೀರಿನ ಕೆಳಗಿದೆ, ಹೇಳುವವರಿಗೆ ವಯಸ್ಸಾಗಿದೆ.

ಉಳಿಸಿಕೊಳ್ಳುವುದು ಆಗದ ಮಾತೇನಲ್ಲ. ಅಹಮದಾಬಾದಿನ ಹಳೇ ಊರಿನ ಪೋಳ್‌ಗಳು ನಮ್ಮ ಓಣಿಗಳಂತೆಯೇ ಇಕ್ಕಟ್ಟಾದ, ಒಂದು ದ್ವಾರದ, ಕಟ್ಟಿಗೆಯ ಕೆತ್ತನೆಯ ಮನೆಗಳ ಸಾಲುಗಳು. 2017ರಲ್ಲಿ ಯುನೆಸ್ಕೋ ಆ ಊರನ್ನು ವಿಶ್ವ ಪರಂಪರೆಯ ನಗರ ಎಂದು ಸಾರಿತು, ಭಾರತದಲ್ಲಿ ಅದೇ ಮೊದಲು. ಅಲ್ಲಿಯ ಮಹಾನಗರ ಪಾಲಿಕೆ ಮನೆ ಉಳಿಸಿಕೊಂಡವರಿಗೆ, ತಾವು ಬಳಸದೆ ಬಿಟ್ಟ ಕಟ್ಟಡದ ಹಕ್ಕನ್ನು ಬೇರೆಡೆ ಕಟ್ಟುವವರಿಗೆ ಮಾರಲು ಅವಕಾಶ ಕೊಟ್ಟಿದೆ. ನಮ್ಮ ಪುರಸಭೆಗಳಿಗೆ ಅಷ್ಟು ದೊಡ್ಡ ಮಾತು ಬೇಡ. ಹಳೇ ಮನೆಯ ರಿಪೇರಿಗೆ ಸಲೀಸಾಗಿ ಪರವಾನಗಿ, ಮನೆಪಟ್ಟಿಯಲ್ಲಿ ಒಂದಿಷ್ಟು ರಿಯಾಯಿತಿ, ರಸ್ತೆ ಎತ್ತರಿಸುವ ಮೊದಲು ಹಳೇ ಪದರು ಕೆತ್ತುವುದು ಇಷ್ಟು ಮಾಡಿದರೂ ದೊಡ್ಡ ಉಪಕಾರ. ಇದನ್ನು ಸದಸ್ಯರ ಮುಂದೆ ನೀವು ಕೇಳಬೇಕು. ನಿವೃತ್ತ ಮಾಸ್ತರನೊಬ್ಬನ ಅರ್ಜಿಗಿಂತ ಓಣಿಯ ಇಪ್ಪತ್ತು ಮನೆಗಳ ಸಹಿಗೆ ತೂಕ ಹೆಚ್ಚು.

ಓಣಿಗೆ ಒಂದು ಮನೆ ಎಂದೆ. ಆಸ್ತಿಯನ್ನು ಊರಿಗೆ ಬಿಟ್ಟುಕೊಟ್ಟವರು ನಮ್ಮಲ್ಲೇ ಇದ್ದರು. ಸವದತ್ತಿ ತಾಲೂಕಿನ ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವಾಗ ತಮ್ಮ ಆಸ್ತಿಯನ್ನೆಲ್ಲ ಮಕ್ಕಳ ವಿದ್ಯೆಗೆಂದು ಬರೆದಿಟ್ಟು ಹೋದರು. ಅದರಿಂದ ಓದಿದವರು ನಮ್ಮ ನಾಡಿನ ತುಂಬ ಇದ್ದಾರೆ. ನೀವು ಅಷ್ಟು ತ್ಯಾಗ ಮಾಡಬೇಕಿಲ್ಲ. ಪಾಲಿನಲ್ಲಿ ಯಾರಿಗೂ ಬೇಡವಾಗಿ, ಆರು ಜನ ವಾರಸುದಾರರ ಹೆಸರಿನಲ್ಲಿ ಬೀಗ ಬಿದ್ದ ಮನೆ ಪ್ರತಿ ಓಣಿಯಲ್ಲೂ ಒಂದಿರುತ್ತದೆ. ಅದರ ಮಾಳಿಗೆಯ ಭಾರ ಇಳಿಸಿ, ಗೋಡೆಯ ಬುಡ ಒಣಗಿಸಿ, ಓಣಿಯ ಮಕ್ಕಳಿಗೆ ಓದುವ ಮನೆ ಮಾಡಿ. ಪರೀಕ್ಷೆ ಬರುವುದು ಮಾರ್ಚ್-ಏಪ್ರಿಲಿನ ಬಿಸಿಲಲ್ಲಿ, ಮಣ್ಣಿನ ಪಡಸಾಲೆಯಷ್ಟು ತಂಪಾದ ಜಾಗ ಊರಲ್ಲಿ ಬೇರೆ ಸಿಗದು.

ಇನ್ನು ಅಳತೆಯ ಮಾತು. ಇದಕ್ಕೆ ಎಂಜಿನಿಯರ್ ಆಗಿರಬೇಕಿಲ್ಲ. ಐವತ್ತು ಅಡಿಯ ಟೇಪು, ಚೌಕುಳಿ ಹಾಳೆಯ ವಹಿ, ಫೋನಿನ ಕ್ಯಾಮೆರಾ ಸಾಕು. ಅಂಕಣ ಎಷ್ಟು, ಕಂಬದಿಂದ ಕಂಬಕ್ಕೆ ಎಷ್ಟು, ಒಂದು ನೆಲದಿಂದ ಇನ್ನೊಂದು ನೆಲ ಎಷ್ಟು ಎತ್ತರ, ಗೋಡೆ ಎಷ್ಟು ದಪ್ಪ ಎಂದು ಬರೆಯಿರಿ. ಪ್ರತಿ ಜಾಗಕ್ಕೂ ಮನೆಯ ಹಿರಿಯ ಹೆಣ್ಣುಮಗಳು ಯಾವ ಹೆಸರು ಹೇಳುತ್ತಾರೋ ಅದನ್ನೇ ಬರೆಯಿರಿ. ಹೆರಿಗೆಯಾದ ಮೂಲೆ, ಹೆಣ ಇಟ್ಟ ಜಾಗ, ಉಪ್ಪಿನಕಾಯಿಯ ಗಡಿಗೆ ಇಟ್ಟ ಮಾಡ ಅವರಿಗೆ ಮಾತ್ರ ಗೊತ್ತಿರುತ್ತದೆ. ಕಟ್ಟಿದ ಗೌಂಡಿ, ಬಡಿಗೇರ, ಕಂಬಾರರ ಮನೆತನಗಳ ಹೆಸರು ಕೇಳಿ. ಸಿಟಿ ಸರ್ವೆ ಉತಾರ ತೆಗೆಸಿ ಜೊತೆಗಿಡಿ. ಟ್ರಂಕಿನಲ್ಲಿ ಮೋಡಿ ಲಿಪಿಯ ಕಾಗದ ಸಿಕ್ಕರೆ ಓದಲು ಬರುವುದಿಲ್ಲವೆಂದು ಒಲೆಗೆ ಹಾಕಬೇಡಿ. ಓದುವವರು ಇನ್ನೂ ಇದ್ದಾರೆ, ಮುಂದೆಯೂ ಕಲಿಯುವವರು ಇರುತ್ತಾರೆ. ವಾಸ್ತುಶಿಲ್ಪ ಕಲಿಸುವ ಕಾಲೇಜುಗಳು ಹುಬ್ಬಳ್ಳಿ, ಬೆಳಗಾವಿಯಲ್ಲೇ ಇವೆ. ಅಲ್ಲಿ ಓದುತ್ತಿರುವ ಅಳಿಯನೋ ಸೊಸೆಯೋ ನಿಮ್ಮ ಬಳಗದಲ್ಲಿ ಇದ್ದೇ ಇರುತ್ತಾರೆ. ಅವರನ್ನು ಕರೆದು ಎರಡು ದಿನ ಇಟ್ಟುಕೊಂಡು ರೊಟ್ಟಿ-ಪಲ್ಲೆ ಹಾಕಿ, ನಕ್ಷೆ ಬರೆಸಿಕೊಳ್ಳಿ.

ಕೆಡವಲೇಬೇಕಾದರೆ ಗೌಂಡಿಯ ಕೈಯಿಂದ ಮೇಲಿಂದ ಕೆಳಗೆ ಬಿಚ್ಚಿಸಿ, ಜೆಸಿಬಿಯ ಸೊಂಡಿಲು ಹಾಕಿಸಬೇಡಿ. ಕಂಬ, ಬೋದಿಗೆ, ತಲಬಾಗಿಲನ್ನು ಹೊಸ ಮನೆಯ ಪಡಸಾಲೆಗೆ ಬಳಸಿಕೊಳ್ಳಿ. ತೂಕದ ಲೆಕ್ಕಕ್ಕೆ ಹಳೇ ಕಟ್ಟಿಗೆ ಮಾರಿದವರಿಗೆ ಸಿಗುವ ಹಣ ಎಷ್ಟೆಂದು ನಿಮಗೇ ಗೊತ್ತು. ಅದೇ ಕಂಬವನ್ನು ದೊಡ್ಡ ಊರಿನ ರೆಸಾರ್ಟಿನವರು ಎಷ್ಟಕ್ಕೆ ಕೊಳ್ಳುತ್ತಾರೆ ಎಂಬುದು ವ್ಯಾಪಾರಿಗೆ ಗೊತ್ತು.

ಈ ಬೇಸಿಗೆಗೆ ಊರಿಗೆ ಬಂದಾಗ ಪಾಲಿನ ಮಾತು ಎತ್ತುವ ಮೊದಲು ಎಲ್ಲರೂ ಸೇರಿ ಒಂದು ದಿನ ಮನೆಯ ಅಳತೆಗೆ ಕೊಡಿ. ನಕ್ಷೆಯ ಒಂದು ಪ್ರತಿ ನಿಮ್ಮ ಮಕ್ಕಳಿಗೆ ಇರಲಿ, ಇನ್ನೊಂದನ್ನು ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ತಲುಪಿಸಿ ರಸೀದಿ ತೆಗೆದುಕೊಳ್ಳಿ. ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರಾದರೂ ಬೇಕಾದರೆ ಬೈಲಹೊಂಗಲದ ಯಾವ ಓಣಿಗೆ ಕರೆದರೂ ನಾನು ಬರುತ್ತೇನೆ.

ನಿಮ್ಮವನೇ ಆದ,
ಬೈಲಹೊಂಗಲದ ನಿವೃತ್ತ ಇತಿಹಾಸ ಶಿಕ್ಷಕ